ಮಾತು ಅರ್ಥವಾಗದ ಹಾಡು ಇಷ್ಟು ಹಿಡಿಸುವುದು ಯಾಕೆ?

ಪ್ರಶ್ನೆ: ಜೀನ್ಸ್ ಟೈಲರ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಜೀನ್ಸ್ ಯೂನಿಟ್ ಒಂದರಲ್ಲಿ ನಾನು ಟೈಲರ್. ನಮ್ಮ ಶೆಡ್ಡಿನಲ್ಲಿ ಬೆಳಿಗ್ಗೆ ಶಟರ್ ಎತ್ತಿದಾಗಿನಿಂದ ರಾತ್ರಿ ಇಳಿಸುವವರೆಗೆ ಹಾಡು ನಡೆದೇ ಇರುತ್ತದೆ. ಗೋಡೆಯ ಮೊಳೆಗೆ ತೂಗುಹಾಕಿದ ಬ್ಲೂಟೂತ್ ಸ್ಪೀಕರ್ ಒಂದಿದೆ. ಯಾರ ಮೊಬೈಲ್ ಜೋಡಿಸಿದರೋ ಅವರ ಹಾಡು. ಬೆಳಿಗ್ಗೆ ಭಕ್ತಿಗೀತೆ. ಆಮೇಲೆ ತೆಲುಗು ಸಿನಿಮಾ ಹಾಡು, ಬಳ್ಳಾರಿ ಅಂದ ಮೇಲೆ ಅದು ಇರಲೇಬೇಕು. ಊಟ ಮುಗಿದ ಮೇಲೆ ಕಟಿಂಗ್ ಮಾಸ್ಟರ್ ಚಾಚಾ ಅವರ ಪಾಳಿ. ಅವರು ಹಾಕುವುದು ಕವ್ವಾಲಿ ಮಾತ್ರ.

ಆ ಕವ್ವಾಲಿಗಳಲ್ಲಿ ಉರ್ದು, ಪಂಜಾಬಿ, ಫಾರಸಿ ಎಲ್ಲ ಬರುತ್ತದೆ. ನನಗೆ ಬರುವ ಉರ್ದು ಬಜಾರಿನಲ್ಲಿ ರೇಟು ಮಾತಾಡುವಷ್ಟು. ಆದರೂ ಊಟದ ಡಬ್ಬಿ ಮುಚ್ಚುತ್ತಿದ್ದಂತೆ ನಾನೇ ಚಾಚಾ ಅವರ ಮುಖ ನೋಡುತ್ತೇನೆ. ನುಸ್ರತ್ ಫತೇ ಅಲಿ ಖಾನ್ ಅವರ ದನಿ ಮೇಲಕ್ಕೆ ಹೋಗತೊಡಗಿದರೆ ತೋಳಿನ ಕೂದಲು ನಿಲ್ಲುತ್ತದೆ. ಅದೇ, ಒಂದೊಂದು ಶಬ್ದವೂ ಬಾಯಿಗೆ ಬರುವ ಕನ್ನಡ ಹಾಡು ಎಷ್ಟೋ ಸಲ ಬಂದಿದ್ದೂ ಗೊತ್ತಾಗುವುದಿಲ್ಲ, ಹೋಗಿದ್ದೂ ಗೊತ್ತಾಗುವುದಿಲ್ಲ.

ಇನ್ನೊಂದು ಗಮನಿಸಿದ್ದೇನೆ. ಪ್ಯಾಂಟಿನ ಸೈಡ್ ಹೊಲಿಗೆ ಉದ್ದ ಇರುತ್ತದೆ. ಅದನ್ನು ಹಾಕುವಾಗ ಪೆಡಲ್ ಮೇಲಿನ ಕಾಲು ತಾನಾಗಿಯೇ ಕವ್ವಾಲಿಯ ಚಪ್ಪಾಳೆಗೆ ಕೂಡಿಕೊಳ್ಳುತ್ತದೆ. ಜಿಪ್ ಕೂರಿಸುವಾಗ ಹಾಗಲ್ಲ. ಅಲ್ಲಿ ಕೈ ನಿಂತು ನಿಂತು ಹೋಗಬೇಕು, ಸೂಜಿ ಮೇಲೇ ಕಣ್ಣಿರಬೇಕು. ಆಗ ಸ್ಪೀಕರ್ ತಲೆ ಮೇಲೆ ಇದ್ದರೂ ಹಾಡು ಕಿವಿಗೆ ಬೀಳುವುದಿಲ್ಲ.

ಮೊನ್ನೆ ಮಧ್ಯಾಹ್ನ ಕರೆಂಟ್ ಹೋಯಿತು. ಅಷ್ಟೂ ಮಷಿನ್ ಒಮ್ಮೆಲೇ ನಿಂತವು, ಫ್ಯಾನೂ ನಿಂತಿತು. ಸ್ಪೀಕರ್ ಬ್ಯಾಟರಿಯದು, ಅದು ನಡೆದೇ ಇತ್ತು. ಅಲ್ಲಿತನಕ ಗದ್ದಲದ ಸಂದಿಯಲ್ಲಿ ಕೇಳುತ್ತಿದ್ದ ದನಿ ಇಡೀ ಶೆಡ್ ತುಂಬಿತು. ಒಂದೇ ಸಾಲು. ಮುಂದಿನವರು ಒಮ್ಮೆ ಹೇಳುತ್ತಾರೆ, ಹಿಂದಿನವರು ಚಪ್ಪಾಳೆ ಹಾಕುತ್ತ ಅದನ್ನೇ ಹೇಳುತ್ತಾರೆ, ಮತ್ತೆ ಮುಂದಿನವರು ಅದೇ ಸಾಲನ್ನು ಇನ್ನೊಂದು ಸ್ವರದಿಂದ ಎತ್ತಿಕೊಳ್ಳುತ್ತಾರೆ. ನೋಡಿದರೆ, ನಮ್ಮಲ್ಲಿ ದಾರ ಕತ್ತರಿಸುವ ಅಕ್ಕ ಒಬ್ಬರಿದ್ದಾರೆ, ಕನ್ನಡ ಬಿಟ್ಟರೆ ಅವರಿಗೆ ಬೇರೆ ಬಾರದು. ಸಣ್ಣ ಕತ್ತರಿಯನ್ನು ಕೈಯಲ್ಲಿ ಹಾಗೇ ಹಿಡಿದುಕೊಂಡು ಆ ಸಾಲಿಗೆ ತುಟಿ ಆಡಿಸುತ್ತಿದ್ದರು. ಶಬ್ದ ಏನು ಹೇಳುತ್ತಿದ್ದರೋ. ಆದರೆ ಸಾಲು ಎಲ್ಲಿ ಎತ್ತಬೇಕು, ಎಲ್ಲಿ ಬಿಡಬೇಕು ಅನ್ನುವುದು ಒಂದಿಷ್ಟೂ ತಪ್ಪಲಿಲ್ಲ.

ಇದನ್ನು ಮನೆಯಲ್ಲಿ ಹೇಳಿದೆ. ನಮ್ಮ ಮಾವ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರು. "ಅರ್ಥ ಗೊತ್ತಿಲ್ಲದೆ ಹಾಡು ಕೇಳಿದರೆ ಗಿರಣಿ ಸಪ್ಪಳ ಕೇಳಿದಂತೆ" ಅಂದುಬಿಟ್ಟರು. ಅವರ ಮೇಲೆ ನನಗೆ ಗೌರವ ಜಾಸ್ತಿ. ಅದಕ್ಕೇ ಆ ಮಾತು ತಲೆಯಿಂದ ಹೋಗುತ್ತಿಲ್ಲ.

ನಿಮ್ಮನ್ನು ಹಾಡಿಗೆ ಎಳೆಯುವುದು ಯಾವುದು? ಮಾತೋ, ದನಿಯೋ, ತಾಳವೋ? ಹಾಡುವವರು, ನುಡಿಸುವವರು, ಇದರ ಬಗ್ಗೆ ಓದಿದವರು ಇದ್ದರೆ ಬಿಡಿಸಿ ಹೇಳಿ.

ಉತ್ತರ: ಪೇಟಿ ಮಾಸ್ತರ, ಕಾರಟಗಿ

ತಮ್ಮಾ, ಬಹಳ ಚೆನ್ನಾಗಿ ಕೇಳಿದ್ದೀಯ. ನಾನು ಭಜನೆಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ ನುಡಿಸುತ್ತೇನೆ, ಹುಡುಗರಿಗೂ ಕಲಿಸುತ್ತೇನೆ.

ಮೊದಲು ನಿಮ್ಮ ಮಾವನವರಿಗೆ. ಹಿಂದೂಸ್ತಾನಿ ಸಂಗೀತದ ಖ್ಯಾಲ್ ಹಾಡಿಕೆಯ ಪದಗಳ, ಅಂದರೆ ಬಂದಿಶ್‌ಗಳ ಮಾತು ಬಹುಪಾಲು ಉತ್ತರ ಭಾರತದ ಬ್ರಜ್ ಭಾಷೆಯದು. ಕನ್ನಡದ ಹಳ್ಳಿಗೂ ಆ ಭಾಷೆಗೂ ಯಾವ ನಂಟೂ ಇರಲಿಲ್ಲ. ಆದರೂ ಅದು ಬೇರು ಬಿಟ್ಟಿದ್ದು ನಮ್ಮ ಈ ಕಡೆಯ ನೆಲದಲ್ಲೇ ಅಲ್ವಾ? ಕಿರಾಣಾ ಘರಾನೆ ಎಂಬ ಗುರುಪರಂಪರೆಯ ಅಬ್ದುಲ್ ಕರೀಂ ಖಾನ್ ಸಾಹೇಬರು ಮೈಸೂರು ಅರಮನೆಗೆ ಹೋಗಿಬರುವಾಗ ಧಾರವಾಡದ ಕಡೆ ಉಳಿಯುತ್ತಿದ್ದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು ಕಲಿತರು. ಭೀಮಸೇನರು ಕರೀಂ ಖಾನರ ಠುಮ್ರಿ ಎಂಬ ಹಗುರ ಹಾಡಿಕೆಯ ರೆಕಾರ್ಡ್ ಕೇಳಿ, ಹಾಗೆ ಹಾಡುವುದನ್ನು ಕಲಿಯಲೇಬೇಕು ಅಂತ 1933ರಲ್ಲಿ ಗದಗಿನ ಮನೆ ಬಿಟ್ಟು ಹೊರಟರು. ಆಗ ಅವರಿಗೆ ಹನ್ನೊಂದು ವರ್ಷ. ಅಷ್ಟು ಸಣ್ಣ ಹುಡುಗನನ್ನು ಮನೆಯಿಂದ ಎಬ್ಬಿಸಿಕೊಂಡು ಹೋಗಿದ್ದು ಠುಮ್ರಿಯ ಮಾತಿನ ಅರ್ಥ ಅಂತ ನಾನಂತೂ ಒಪ್ಪುವುದಿಲ್ಲ. ಆ ದನಿ ಒಯ್ದಿತು.

ಈಗ ನನ್ನ ಕಸುಬಿನ ಮಾತು. ಭಜನೆಯಲ್ಲಿ ಪೇಟಿಯವನು ಜನರ ಕಡೆ ಮುಖ ಮಾಡಿ ಕೂರುತ್ತಾನೆ. ಬೆರಳಿಗೆ ದಾರಿ ಗೊತ್ತಿರುವುದರಿಂದ ಕಣ್ಣು ಖಾಲಿ ಇರುತ್ತದೆ. ನಾನು ನೋಡುವುದು ಜನರ ಹೆಗಲು. ಹಾಡು ಶುರುವಾದಾಗ ಹೆಗಲು ಬಿಗಿ ಇರುತ್ತದೆ. ಪಲ್ಲವಿ ನಾಲ್ಕಾರು ಸಲ ಬಂದುಹೋದ ಮೇಲೆ ಇಳಿಯುತ್ತದೆ. ಅಲ್ಲಿಂದ ಕೆಲಸ ಸಲೀಸು.

ನುಡಿ ಮುಗಿದು ಪಲ್ಲವಿಗೆ ಮರಳುವ ಜಾಗ ಇದೆಯಲ್ಲ, ಎಲ್ಲ ಇರುವುದು ಅಲ್ಲಿ. ಹಾಡುವವನು ಕೊನೆಯ ಅಕ್ಷರವನ್ನು ಎಳೆದು ಹಿಡಿಯುತ್ತಾನೆ. ತಬಲಾದವನು ತಿಹಾಯಿ ತೆಗೆದುಕೊಳ್ಳುತ್ತಾನೆ, ಒಂದೇ ಬೋಲು ಮೂರು ಸಲ, ಮೂರನೆಯದು ಬಂದು ಸಮ್ಮಿಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ ಬೀಳಬೇಕು. ಆ ಹೊತ್ತಿಗೆ ಕೂತವರ ಬಾಯಿ ಅರ್ಧ ತೆರೆದಿರುತ್ತದೆ. ದಮ್ಮಡಿ ಹಿಡಿದವನ ಕೈ ಮೇಲೆದ್ದಿರುತ್ತದೆ. ಮುಂದೆ ಬರುವುದು ಏನು ಅಂತ ಪ್ರತಿಯೊಬ್ಬನಿಗೂ ಗೊತ್ತು. ಆದರೂ ಕಾಯುತ್ತಾರೆ. ಒಳ್ಳೆಯ ಹಾಡುಗಾರ ಅಲ್ಲಿ ಒಂದು ಕೂದಲಿನಷ್ಟು ತಡ ಮಾಡುತ್ತಾನೆ, ಅದಕ್ಕಿಂತ ಜಾಸ್ತಿ ಎಳೆದರೆ ಜನ ಆರಿಬಿಡುತ್ತಾರೆ. ಸರಿಯಾದ ಗಳಿಗೆಗೆ ಬಂದು ಬಿದ್ದಾಗ ಗುಡಿ ಪೂರ್ತಿ ಒಂದೇ ದನಿ ಆಗುತ್ತದೆ. ಆ ದನಿಯಲ್ಲಿ ನನ್ನ ಪೇಟಿಯೇ ನನಗೆ ಕೇಳಿಸುವುದಿಲ್ಲ.

ನಿಮ್ಮ ದಾರ ಕತ್ತರಿಸುವ ಅಕ್ಕನಿಗೆ ಆಗಿದ್ದು ಇದೇ. ಕವ್ವಾಲಿಯ ಕಟ್ಟೂ ಭಜನೆಯ ಕಟ್ಟೂ ಹತ್ತಿರ ಹತ್ತಿರ. ಮುಂದೊಬ್ಬ, ಹಿಂದೆ ಮೇಳ, ಮರಳಿ ಮರಳಿ ಬರುವ ಸಾಲು, ಬರುಬರುತ್ತ ಏರುವ ಲಯ. ದಿನಾ ಕೇಳಿ ಕೇಳಿ ಅವರ ಕಿವಿಗೆ ದಾರಿ ಗೊತ್ತಾಗಿದೆ. ದಾರಿ ಗೊತ್ತಾದವರಿಗೇ ಕಾಯುವುದು ಸಾಧ್ಯ. ಕಾಯದೇ ಇದ್ದವರಿಗೆ ಸಮ್ಮು ಸಿಕ್ಕರೂ ಸುಖ ಇಲ್ಲ. ನನ್ನ ಅನುಭವದಲ್ಲಿ ಹಾಡಿನ ಎಳೆತ ಅಂದರೆ ಇಷ್ಟೇ, ಮುಂದೆ ಬರುವುದಕ್ಕೆ ಮೈಯೆಲ್ಲ ಕಾಯುವುದು.

ಉತ್ತರ: ಗಂಗಾವತಿಯಿಂದ ಒಬ್ಬ

ನನ್ನದು ಬೇರೆ ಥರ. ನನಗೆ ಯಾವ ಹಾಡು ಕೇಳಿದರೂ ಏನೂ ಆಗುವುದಿಲ್ಲ. ಕಿವಿ ಸರಿ ಇದೆ, ಹಾಡು ಗುರುತು ಹಿಡಿಯುತ್ತೇನೆ, ತಾಳ ತಪ್ಪಿದರೂ ಗೊತ್ತಾಗುತ್ತದೆ. ಮೈ ಜುಮ್ಮೆನ್ನುತ್ತದೆ ಅಂತ ಎಲ್ಲರೂ ಹೇಳುವುದನ್ನು ಕೇಳುತ್ತೇನೆ, ನನಗೆ ಒಮ್ಮೆಯೂ ಆಗಿಲ್ಲ. ಮದುವೆ, ಜಾತ್ರೆಯಲ್ಲಿ ಜನರ ಜೊತೆ ಕೂರುವುದು ಇಷ್ಟ. ಹಾಡು ಇದ್ದರೂ ಸೈ, ಇಲ್ಲದಿದ್ದರೂ ಸೈ. ಮನೆಯವರು ನನ್ನನ್ನು ಕಲ್ಲುಮನಸ್ಸಿನವನು ಅನ್ನುತ್ತಾರೆ, ಅದು ನೋವಾಗುತ್ತದೆ. ಇದು ಏನಾದರೂ ಕಾಯಿಲೆಯಾ?

ಉತ್ತರ: ಮನಶ್ಶಾಸ್ತ್ರ ಪಾಠ ಮಾಡುವವಳು, ರಾಯಚೂರು

ಗಂಗಾವತಿಯವರಿಗೆ ಮೊದಲು. ಕಾಯಿಲೆ ಅಲ್ಲ ಸರ್, ಮನಸ್ಸು ಕಲ್ಲೂ ಅಲ್ಲ. ಬಾರ್ಸಿಲೋನಾದ ಸಂಶೋಧಕರು 2014ರಲ್ಲಿ ನಿಮ್ಮಂಥವರನ್ನೇ ಕೂರಿಸಿ ಪರೀಕ್ಷೆ ಮಾಡಿದರು. ಸಂಗೀತ ಕೇಳಿದಾಗ ಅವರ ಎದೆಬಡಿತ, ಚರ್ಮದ ಪ್ರತಿಕ್ರಿಯೆ ಏರಲಿಲ್ಲ. ದುಡ್ಡು ಗೆಲ್ಲುವ ಆಟ ಆಡಿಸಿದಾಗ ಬೇರೆಯವರಷ್ಟೇ ಏರಿತು. ಅಂದರೆ ಖುಷಿ ಪಡುವ ಶಕ್ತಿ ಪೂರ್ತಿ ಇದೆ, ಸಂಗೀತದಿಂದ ಅಲ್ಲಿಗೆ ಹೋಗುವ ದಾರಿ ಮಾತ್ರ ಕೆಲವರಲ್ಲಿ ಸಣ್ಣದು. ದಯವಿಟ್ಟು ಇದನ್ನು ಮನೆಯಲ್ಲಿ ತೋರಿಸಿ.

ಮಾಸ್ತರರು ಕಾಯುವುದರ ಬಗ್ಗೆ ಹೇಳಿದ್ದು ಓದಿ ಸಂತೋಷವಾಯಿತು. ಅದನ್ನೇ ಅಳೆದು ನೋಡಿದವರಿದ್ದಾರೆ. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ವಲೋರಿ ಸಲಿಂಪೂರ್, ರಾಬರ್ಟ್ ಝಟೋರೆ ಮತ್ತು ಜೊತೆಯವರ ಅಧ್ಯಯನ ಅದು, 2011ರಲ್ಲಿ ಬಂದಿತು. ಹಾಡು ಕೇಳಿ ಮೈ ಜುಮ್ಮೆನ್ನುವ ಜನರನ್ನೇ ಆರಿಸಿದರು. ಅವರಿಗೆ ಇಷ್ಟವಾದ ಸಂಗೀತವನ್ನು ಅವರ ಕೈಯಲ್ಲೇ ತರಿಸಿದರು, ಮಾತಿಲ್ಲದ ಬರೀ ವಾದ್ಯ ಸಂಗೀತ. ಕೇಳುವಾಗ ಮಿದುಳಿನ ಸ್ಕ್ಯಾನ್ ಮಾಡಿದರು. ಊಟ, ದುಡ್ಡು ಇಂಥವಕ್ಕೆ ಸ್ಪಂದಿಸುವ ಡೋಪಮೈನ್ ಎಂಬ ರಾಸಾಯನಿಕ ಇಲ್ಲೂ ಬಿಡುಗಡೆ ಆಯಿತು. ಜುಮ್ಮೆನ್ನುವ ಗಳಿಗೆಯಲ್ಲಿ ಮಿದುಳಿನ ಒಂದು ಭಾಗ ಚುರುಕಾಯಿತು. ಆ ಗಳಿಗೆ ಇನ್ನೂ ಬಂದಿಲ್ಲ, ಈಗ ಬರುತ್ತದೆ ಅನ್ನುವ ಹೊತ್ತಿನಲ್ಲಿ ಇನ್ನೊಂದು ಭಾಗ ಚುರುಕಾಯಿತು. ಅಂದರೆ ಬರೀ ಕಾಯುವುದಕ್ಕೂ ಮಿದುಳು ಸ್ಪಂದಿಸುತ್ತದೆ. ಅಷ್ಟೂ ನಡೆದಿದ್ದು ಒಂದು ಶಬ್ದವೂ ಇಲ್ಲದ ಸಂಗೀತಕ್ಕೆ ಅನ್ನುವುದನ್ನು ಟೈಲರ್ ಅಣ್ಣ ತಮ್ಮ ಮಾವನವರಿಗೆ ಹೇಳಬಹುದು.

ತಾಳದ ಅರಿವು ಇನ್ನೂ ಮೊದಲೇ ಬರುತ್ತದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹುಟ್ಟಿ ಎರಡು ಮೂರು ದಿನವಾದ ಕೂಸುಗಳಿಗೆ ನಿದ್ದೆಯಲ್ಲಿ ಡ್ರಮ್ಮಿನ ತಾಳ ಕೇಳಿಸಿದರು. ನಡುನಡುವೆ ಮೊದಲ ಪೆಟ್ಟನ್ನು ಬಿಟ್ಟುಬಿಟ್ಟರು. ಪೆಟ್ಟು ಬೀಳಬೇಕಾದಲ್ಲಿ ಬೀಳಲಿಲ್ಲ ಅನ್ನುವುದನ್ನು ಕೂಸಿನ ಮಿದುಳು ಹಿಡಿಯಿತು. ಮಾತು ಕಲಿಯುವುದಕ್ಕೆ ಎಷ್ಟೋ ಮುಂಚೆ.

ಆದರೆ ಒಂದು ಎಚ್ಚರಿಕೆ. 2018ರ ಇನ್ನೊಂದು ಕೆಲಸದಲ್ಲಿ ಜಗತ್ತಿನ ಸಣ್ಣ ಸಣ್ಣ ಸಮುದಾಯಗಳ ಹಾಡುಗಳ 14 ಸೆಕೆಂಡ್ ತುಣುಕುಗಳನ್ನು 60 ದೇಶಗಳ ಜನರಿಗೆ ಕೇಳಿಸಿದರು. ಭಾಷೆ ಗೊತ್ತಿಲ್ಲ. ಆದರೂ ಇದು ಕುಣಿಯುವ ಹಾಡು, ಇದು ಜೋಗುಳ ಅಂತ ಜನ ಚೆನ್ನಾಗಿ ಗುರುತಿಸಿದರು. ಪ್ರೀತಿಯ ಹಾಡು ಗುರುತಿಸುವಲ್ಲಿ ಮಾತ್ರ ಸೋತರು. ಮಾತಿಲ್ಲದೆ ದಾಟುವಂಥದ್ದು ಬಹಳ ಇದೆ, ಎಲ್ಲವೂ ದಾಟುವುದಿಲ್ಲ.

ಉತ್ತರ: ಭಜನಾ ಮಂಡಳಿ, ಮಾನ್ವಿ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ವಿಜಯದಾಸರು, ಜಗನ್ನಾಥದಾಸರು ನಡೆದಾಡಿದ ಸೀಮೆ ನಮ್ಮದು. ಇಲ್ಲಿ ಕೂತು ಮಾತು ಬೇಡ ಅಂದರೆ ನನ್ನ ಮನಸ್ಸು ಒಪ್ಪುವುದಿಲ್ಲ.

ಜಗನ್ನಾಥದಾಸರ ಹರಿಕಥಾಮೃತಸಾರದ ಪದ್ಯಗಳನ್ನು ನಾನು ಸಣ್ಣವಳಿದ್ದಾಗಲೇ ಅಜ್ಜಿಯ ಜೊತೆ ಹೇಳುತ್ತಿದ್ದೆ. ಅದು ಭಾಮಿನಿ ಷಟ್ಪದಿ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮೂರು, ನಾಲ್ಕು ಅಂತ ಓಡುತ್ತದೆ, ಮೂರನೆಯ ಸಾಲಿನಲ್ಲಿ ಒಮ್ಮೆ ಉದ್ದಕ್ಕೆ ಹೋಗಿ ನಿಲ್ಲುತ್ತದೆ. ಆ ಓಟಕ್ಕೆ ಬಾಯಿಪಾಠ ಆಯಿತು. ಅರ್ಥ ಒಂದೂ ಗೊತ್ತಿರಲಿಲ್ಲ. ಇಲ್ಲಿತನಕ ಮಾಸ್ತರರ ಮಾತು ಸರಿ.

ಆದರೆ ಮಗಳನ್ನು ಮದುವೆ ಮಾಡಿ ಕಳಿಸಿದ ವಾರ ಏಕಾದಶಿ ಬಂತು. ಮಂಡಳಿಯಲ್ಲಿ ಯಾವಾಗಲೂ ಹಾಡುವ ದಾಸರ ಪದವನ್ನೇ ಹಾಡುತ್ತಿದ್ದೆವು. ಎರಡನೆಯ ನುಡಿಗೆ ನನ್ನ ದನಿ ಕಟ್ಟಿತು. ರಾಗ ಅದೇ, ತಾಳ ಅದೇ, ಪಕ್ಕದಲ್ಲಿ ಕೂತವರೂ ಅವರೇ. ಅಲ್ಲಿಯವರೆಗೆ ಬರೀ ಬಾಯಲ್ಲಿದ್ದ ಮಾತು ಆವತ್ತು ಒಳಗೆ ಇಳಿಯಿತು. ಪಕ್ಕದ ಮನೆಯ ಅಮ್ಮ ನನ್ನ ಸಾಲನ್ನು ತಾವು ಎತ್ತಿಕೊಂಡು ಹಾಡಿದರು. ಈಗ ಆ ನುಡಿ ಬಂದಾಗಲೆಲ್ಲ ನನಗೆ ಬೇರೆಯೇ ಕೇಳಿಸುತ್ತದೆ. ತಾಳಕ್ಕೆ ಇದನ್ನು ಮಾಡಲು ಬರುವುದಿಲ್ಲ.

ಮತ್ತೆ ಅಂಕಿತ ನೋಡಿ. ಪದದ ಕೊನೆಯಲ್ಲಿ ವಿಜಯವಿಠಲ ಅಂತಲೋ ಜಗನ್ನಾಥವಿಠಲ ಅಂತಲೋ ಬರುತ್ತದೆ. ನಡುವೆ ತೂಕಡಿಸುತ್ತಿದ್ದವರೂ ಅದಕ್ಕೆ ಕೈ ಜೋಡಿಸುತ್ತಾರೆ. ಅದು ಲಯವೋ ಅರ್ಥವೋ? ಆ ಹೆಸರು ಯಾರದು ಅಂತ ಗೊತ್ತಿರುವುದಕ್ಕೇ ಕೈ ಮೇಲೇಳುತ್ತದೆ. ಹಾಗಾಗಿ ನಿಮ್ಮ ಮಾವನವರ ಮಾತನ್ನು ಪೂರ್ತಿ ತೆಗೆದುಹಾಕಬೇಡಿ. ದನಿ ಕರೆದುಕೊಂಡು ಬರುತ್ತದೆ, ಮಾತು ಉಳಿಸಿಕೊಳ್ಳುತ್ತದೆ ಅಂತ ನನ್ನ ನಂಬಿಕೆ.

ಉತ್ತರ: ಮುದಗಲ್ ಕಡೆಯವನು

ಅಕ್ಕನವರ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮ ಕಡೆ ಮೊಹರಂ ದೊಡ್ಡದು, ಎಲ್ಲ ಜಾತಿಯವರೂ ಸೇರುತ್ತಾರೆ. ಹಲಗೆ ಬಡಿಯುತ್ತಿದ್ದರೆ ಅಲಾಯಿ ಕುಣಿಯ, ಅಂದರೆ ಮೊಹರಂನ ಬೆಂಕಿಗುಂಡಿಯ ಸುತ್ತ ಕಾಲು ತಾನಾಗಿ ಏಳುತ್ತದೆ, ಅದಕ್ಕೆ ಮಾತು ಬೇಕಾಗಿಲ್ಲ. ಅದೇ ಹಲಗೆ ನಿಂತು ರಿವಾಯತ್ ಎಂಬ ಮೊಹರಂ ಪದ ಶುರುವಾದರೆ ಕುಣಿಯುತ್ತಿದ್ದವರೇ ನಿಂತುಬಿಡುತ್ತಾರೆ. ಪ್ರವಾದಿಯವರ ಮೊಮ್ಮಗ ಹುಸೇನರು ಮಡಿದ ಕರ್ಬಲಾದ ಕಥೆ, ಕನ್ನಡದಲ್ಲಿ, ಹಾಡುವವರು ಎಷ್ಟೋ ಊರಲ್ಲಿ ಹಿಂದೂ ರೈತರು. ಕೂಸುಗಳಿಗೆ ಕುಡಿಯಲು ನೀರು ಸಿಗದ ಭಾಗ ಬಂದಾಗ ನಮ್ಮೂರ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಕೊಡ ಹಿಡಿದು ಬೇಸಿಗೆ ಕಳೆದವರು ಅವರು. ಅಲ್ಲಿ ಮಾತೇ ಅಳಿಸುವುದು.

ಪ್ರಶ್ನೆ ಕೇಳಿದವರಿಂದ: ಜೀನ್ಸ್ ಟೈಲರ್, ಬಳ್ಳಾರಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಮಾಸ್ತರರ ಉತ್ತರವನ್ನು ಊಟದ ಹೊತ್ತಿನಲ್ಲಿ ಚಾಚಾ ಅವರಿಗೆ ಓದಿ ಹೇಳಿದೆ. ಕಾಯುವ ಭಾಗ ಬಂದಾಗ ಕೈ ಎತ್ತಿ ನಿಲ್ಲಿಸಿದರು. ದರ್ಗಾದಲ್ಲಿ ಕವ್ವಾಲಿ ಕೂತಾಗ ಇನ್ನೊಂದು ನಡೆಯುತ್ತದಂತೆ. ಕೇಳುವವರಲ್ಲಿ ಒಬ್ಬರಿಗೆ ಒಂದು ಸಾಲು ನಾಟಿ ಮೈಮರೆತರು ಅಂದರೆ, ಹಾಡುವವರು ಮುಂದೆ ಹೋಗುವುದಿಲ್ಲ. ಅವರಿಗೋಸ್ಕರ ಅದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ, ಅವರು ಸಮಾಧಾನಕ್ಕೆ ಬರುವವರೆಗೆ. ಅಂದರೆ ಹಾಡು ಎಲ್ಲಿ ನಿಲ್ಲಬೇಕು ಅನ್ನುವುದು ಕೇಳುವವರ ಕೈಯಲ್ಲೂ ಇದೆ. ಮಾಸ್ತರರು ಹೆಗಲು ನೋಡುತ್ತೇನೆ ಅಂದಿದ್ದು ಆಗ ನನಗೆ ಇನ್ನೂ ಚೆನ್ನಾಗಿ ತಿಳಿಯಿತು. ಇಲ್ಲಿತನಕ ಹಾಡು ಅಲ್ಲಿಂದ ಬರುತ್ತದೆ, ನಾನು ಇಲ್ಲಿ ಕೇಳುತ್ತೇನೆ ಅಂತಲೇ ಇದ್ದೆ. ಮೊಬೈಲಿನಿಂದ ಬರುವ ಹಾಡಿಗೆ ನನ್ನ ಹೆಗಲು ಕಾಣುವುದಿಲ್ಲ ಅಲ್ವಾ. ಎದುರು ಕೂತು ಕೇಳಬೇಕು ಅಂತ ಆಸೆ ಹುಟ್ಟಿದೆ.

ಮಾವನವರಿಗೂ ಓದಿದೆ. ಅವರಿಗೆ ಮಲ್ಲಿಕಾರ್ಜುನ ಮನ್ಸೂರರೆಂದರೆ ಪ್ರಾಣ. "ಅವರ ವಚನ ಕೇಳಬೇಕು" ಅಂದರು. "ಖ್ಯಾಲೂ ಕೇಳಿದ್ದೀರಲ್ವಾ ಮಾವ, ಅದರ ಮಾತು?" ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಧಾರವಾಡದಲ್ಲಿ ಓದುವಾಗ ರಾತ್ರಿಯಿಡೀ ಕೂತು ಕೇಳಿದ ಕಚೇರಿಯ ಬಗ್ಗೆ ಊಟ ಆರುವವರೆಗೆ ಹೇಳಿದರು. ಮಾತಿನ ವಿಷಯದಲ್ಲಿ ಸೋಲಲಿಲ್ಲ. ಮಾನ್ವಿ ಅಕ್ಕನವರು ಬರೆದಿದ್ದನ್ನು ಮಾತ್ರ ಎರಡು ಸಲ ಓದಿಸಿಕೊಂಡರು. ಏಕಾದಶಿಯ ಆ ಭಾಗಕ್ಕೆ ನಮ್ಮ ಅತ್ತೆಯೂ ಒಲೆ ಬಿಟ್ಟು ಬಂದು ನಿಂತಿದ್ದರು.

ಗಂಗಾವತಿ ಅಣ್ಣಾ, ನಿಮ್ಮ ಉತ್ತರ ಓದಿದ ಮೇಲೆ ನಮ್ಮ ಶೆಡ್ಡಿನ ಒಬ್ಬರು ನೆನಪಾದರು. ಅವರೂ ಹಾಡಿಗೆ ತಲೆ ಆಡಿಸುವುದಿಲ್ಲ. ಸುಮ್ನೆ ಕೆಲಸ ಮಾಡುತ್ತಾರೆ. ಇನ್ನು ಮೇಲೆ ಅವರನ್ನು ಯಾರೂ ರೇಗಿಸದಂತೆ ನೋಡಿಕೊಳ್ಳುತ್ತೇನೆ.

ಮಾಸ್ತರರೇ, ನಿಮ್ಮೂರಿನ ಭಜನೆಗೆ ಹೊರಗಿನವರು ಬರಬಹುದಾ? ಯಾವಾಗ ಬಂದರೆ ಒಳ್ಳೆಯದು?

ಉತ್ತರ: ಪೇಟಿ ಮಾಸ್ತರ, ಕಾರಟಗಿ

ಭಜನೆಗೆ ಹೊರಗಿನವರು ಯಾರು ತಮ್ಮಾ. ಶ್ರಾವಣದಲ್ಲಿ ತಿಂಗಳು ಪೂರ್ತಿ ಇರುತ್ತದೆ, ಸೋಮವಾರ ಬಂದರೆ ಬೆಳಗಿನವರೆಗೆ ನಡೆಯುತ್ತದೆ. ಗಂಗಾವತಿಗೆ ಬಂದು ಸಿಂಧನೂರು ಬಸ್ ಹತ್ತು, ಕಾರಟಗಿ ದಾರಿಯಲ್ಲೇ ಸಿಗುತ್ತದೆ. ಮಾವನವರನ್ನೂ ಚಾಚಾ ಅವರನ್ನೂ ಕರೆದುಕೊಂಡು ಬಾ. ಸ್ಪೀಕರ್ ಬಾಕ್ಸಿನ ಹತ್ತಿರ ಕೂರಬೇಡಿ, ತಬಲಾ ಡಗ್ಗದ ಪಕ್ಕ ಜಾಗ ಇಡಿಸುತ್ತೇನೆ. ಡಗ್ಗದ ದನಿ ನೆಲದಿಂದ ಮೈಗೆ ಬರುತ್ತದೆ, ಅದು ಮೊಬೈಲಿನಲ್ಲಿ ಸಿಗುವುದಿಲ್ಲ.

ಗಂಗಾವತಿಯವರೂ ಬನ್ನಿ. ತಾಳ ತಪ್ಪಿದರೆ ಗೊತ್ತಾಗುತ್ತದೆ ಅಂದಿದ್ದೀರಿ. ನಸುಕಿನ ಹೊತ್ತಿಗೆ ನಮ್ಮ ಹುಡುಗರಿಗೆ ನಿದ್ದೆ ಹತ್ತಿ ತಾಳ ಓಡಿಬಿಡುತ್ತದೆ. ಆಗ ತಾಳ ಹಿಡಿಯಲು ನಿಮ್ಮಂಥವರ ಕೈ ನನಗೆ ಬೇಕು.